ಐದು ವರ್ಷದ ಸೀಲಿಗೆ 228 ದಿನದ ಪರೀಕ್ಷೆ

ಕ್ಯಾತಿಟರ್ (ದೇಹದೊಳಗೆ ತೂರಿಸುವ ನಳಿಕೆ) ಕ್ರಿಮಿಮುಕ್ತವಾಗಿ ಉಳಿಯುವಂತೆ ಅಂಚು ಸೀಲ್ ಮಾಡಿದ ಪೌಚಿನ ಮೇಲೆ ಐದು ವರ್ಷದ ಎಕ್ಸ್‌ಪೈರಿ ಅಚ್ಚಾಗಿರುತ್ತದೆ. ಅದು ಮಾರುಕಟ್ಟೆಗೆ ಬರುವ ಹೊತ್ತಿಗೆ ಆ ಬಗೆಯ ಒಂದು ಪೌಚಿಗೂ ಸಾಮಾನ್ಯವಾಗಿ ಐದು ವರ್ಷ ತುಂಬಿರುವುದಿಲ್ಲ.

ಸೀಲಿನ ಬಲ ಅಳೆಯುವ ವಿಧಾನ ಹಳೆಯದು. ಅಮೆರಿಕ ಮೂಲದ ಮಾನಕ ಸಂಸ್ಥೆ ಎಎಸ್‌ಟಿಎಂನ ಎಫ್88 ಮಾನಕ 1960ರ ದಶಕದ್ದು. ಸೀಲಿಗೆ ಅಡ್ಡಲಾಗಿ 15 ಅಥವಾ 25 ಮಿ.ಮೀ. ಅಗಲದ ಪಟ್ಟಿ ಕತ್ತರಿಸಿ, ಎರಡು ತುದಿಗಳನ್ನೂ ಯಂತ್ರದ ಹಿಡಿಗೆ ಕೊಟ್ಟು, ನಿಮಿಷಕ್ಕೆ 200–300 ಮಿ.ಮೀ. ವೇಗದಲ್ಲಿ ಎಳೆಯುತ್ತಾರೆ. ಪಟ್ಟಿಯ ಬಾಲವನ್ನು (ಹಿಡಿಗಳ ನಡುವೆ ಚಾಚಿರುವ ಸೀಲಿನ ಭಾಗ) 90 ಡಿಗ್ರಿಗೆ ಹಿಡಿದರೆ ಒಂದು ಅಂಕಿ, ಸಡಿಲ ಬಿಟ್ಟರೆ ಇನ್ನೊಂದು. ಮೊದಲ ದಿನ ಒಂದು ರೀತಿ, ಮೂರನೇ ವರ್ಷ ಇನ್ನೊಂದು ರೀತಿ ಹಿಡಿದರೆ ಹೋಲಿಕೆ ಕೆಟ್ಟಂತೆಯೇ. ಪಟ್ಟಿಗಳು ನಾಲ್ಕೂ ಬದಿಯಿಂದ ಬರಬೇಕು. ಇಲ್ಲದಿದ್ದರೆ ಸೀಲರ್ ಯಂತ್ರದ ತಣ್ಣನೆಯ ಮೂಲೆ ಕೊಟ್ಟ ದುರ್ಬಲ ಸೀಲು ಕಣ್ತಪ್ಪಿಬಿಡುತ್ತದೆ.

ಉಗಿಯಲ್ಲಿ ಸ್ಟೆರಿಲೈಸ್ ಮಾಡುವ ಪೌಚಿಗೆ ಯುರೋಪಿನ ಇಎನ್ 868-5 ಕೇಳುವುದು 15 ಮಿ.ಮೀ.ಗೆ ಕನಿಷ್ಠ 1.5 ನ್ಯೂಟನ್. ಅತಿಯಾಗಿ ಅಂಟಿದರೂ ಕೆಡುಕೇ: ಸುಲಿಯುವಾಗ ನಾರು ಕಿತ್ತು ಉಪಕರಣದ ಮೇಲೆ ಉದುರುತ್ತದೆ.

ವರ್ಷಗಟ್ಟಲೆ ಕಾಯದೆ ಸೀಲಿನ ಬಾಳಿಕೆ ತಿಳಿಯುವ ಪ್ರಶ್ನೆಗೆ ಮಾನಕ ಬಂದದ್ದು 1999ರಲ್ಲಿ, ಎಎಸ್‌ಟಿಎಂ ಎಫ್1980 ಎಂಬ ಹೆಸರಿನಲ್ಲಿ. ಅದರ ಬೇರು 19ನೇ ಶತಮಾನದ ವಾನ್ಟ್ ಹಾಫ್, ಅರೀನಿಯಸ್ ಅವರ ರಸಾಯನಶಾಸ್ತ್ರದಲ್ಲಿದೆ. ಶಾಖ 10 ಡಿಗ್ರಿ ಏರಿದರೆ ವಸ್ತು ಎರಡು ಪಟ್ಟು ವೇಗವಾಗಿ ಹಳತಾಗುತ್ತದೆ ಎಂದು ಲೆಕ್ಕ ಹಿಡಿಯುವುದು ವಾಡಿಕೆ. 25 ಡಿಗ್ರಿಯ ಗೋದಾಮಿಗೆ ಬದಲು 55 ಡಿಗ್ರಿಯ ಬಿಸಿ ಪೆಟ್ಟಿಗೆ, ಅಂದರೆ ಚೇಂಬರ್, ಬಳಸಿದರೆ ಎಂಟು ಪಟ್ಟು. 1825 ದಿನ 228ಕ್ಕೆ ಇಳಿಯುತ್ತದೆ. ಅವಸರಕ್ಕೆ 60 ಡಿಗ್ರಿ ದಾಟಿದರೆ ಅಂಟು ಮೆತ್ತಗಾಗಿ, ಗೋದಾಮಿನಲ್ಲಿ ಎಂದೂ ಆಗದ ಬದಲಾವಣೆಗಳು ಫಲಿತಾಂಶಕ್ಕೆ ಸೇರುತ್ತವೆ.

ತೇವಾಂಶದ್ದು ಇನ್ನೊಂದು ಪಾಡು. 55 ಡಿಗ್ರಿಯಲ್ಲಿ ಶೇ 50 ಎಂದರೆ, 25 ಡಿಗ್ರಿಯ ಶೇ 50ಕ್ಕಿಂತ ಸುಮಾರು ಐದು ಪಟ್ಟು ನೀರಾವಿಯ ಒತ್ತಡ. ಅಭ್ಯಾಸಬಲದಿಂದ ತೇವ ಸೇರಿಸುವುದನ್ನು ಬಿಟ್ಟು, ಆಯಾ ವಸ್ತುವಿಗೆ ಅದು ಬೇಕೇ ಎಂದು ಮೊದಲು ನೋಡುವ ದಾರಿಗೆ 2021ರ ಪರಿಷ್ಕರಣೆ ತಿರುಗಿತು. ತಡವಾಗಿಯಾದರೂ ಸರಿಯಾದ ತಿದ್ದುಪಡಿ.

ಎಳೆದು ನೋಡಿದರೆ ಬಲ ತಿಳಿಯುತ್ತದೆ, ಸೋರಿಕೆ ತಿಳಿಯುವುದಿಲ್ಲ. ಅದಕ್ಕೆ ಟೊಲುಯಿಡಿನ್ ಬ್ಲೂ ಬಣ್ಣವನ್ನು ಸೀಲಿನಂಚಿಗೆ ಬಿಟ್ಟು, ಅದು ಒಳಗೆ ಹರಿಯುವ ಕಾಲುವೆ ಹುಡುಕಬೇಕು. ಮಾದರಿಗಳನ್ನು ಸ್ಟೆರಿಲೈಸ್ ಮಾಡಿದ ಮೇಲೆಯೇ ಚೇಂಬರಿಗಿಡಬೇಕು, ಆ ಹಂತದ ಶಾಖ, ನಿರ್ವಾತಗಳೇ ಸೀಲನ್ನು ಎಳೆದಾಡಿರುತ್ತವೆ.

ಸ್ಟೆರಿಲೈಸ್ ಮಾಡಿದ ವೈದ್ಯಕೀಯ ಪ್ಯಾಕಿಂಗ್‌ನ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 11607 ಪ್ರಕಾರ ಚೇಂಬರಿನ ಫಲಿತಾಂಶ ನಡೆಯುವುದು ನಿಜಕಾಲದ ಅಂಕಿ ಸಿಗುವ ತನಕ. ಚೇಂಬರಿನ ಪರೀಕ್ಷೆ ಶುರುವಾದ ದಿನವೇ ಮಾದರಿಗಳ ಇನ್ನೊಂದು ಗುಂಪು ಕೋಣೆಯ ಶಾಖದಲ್ಲಿ ಕೂತಿರಬೇಕು. ಮೂರನೇ ವರ್ಷ ಆ ಗುಂಪಿನ ಬಲ ಮಿತಿಗಿಂತ ಕುಸಿದರೆ, 228 ದಿನದ ಪರೀಕ್ಷೆ ಪಾಸಾಗಿದ್ದರೂ ಲೇಬಲ್ಲಿನ ದಿನಾಂಕವನ್ನೇ ಹಿಂದಕ್ಕೆ ತರಬೇಕಾಗುತ್ತದೆ.