ಫಿನ್‌ಟೆಕ್ ಸಂಶೋಧನೆ: ಎಯುಸಿ 69.6% ಅಂದರೆ ಏನು?

ಫಿನ್‌ಟೆಕ್ ಅಂದರೆ ತಂತ್ರಜ್ಞಾನದ ಮೂಲಕ ಕೊಡುವ ಹಣಕಾಸು ಸೇವೆ. ಅದರ ಸಂಶೋಧನೆಯಲ್ಲಿ ಮೊದಮೊದಲು ಹಣ ಕಳಿಸುವುದರ ಮೇಲೆ ಗಮನ ಜಾಸ್ತಿ ಇತ್ತು. ಕೀನ್ಯಾದಲ್ಲಿ 2007ರಲ್ಲಿ ಫೋನಿನಲ್ಲೇ ದುಡ್ಡು ಕಳಿಸುವ ಎಂ-ಪೆಸಾ ಸೇವೆ ಬಂತು. ಕಷ್ಟ ಬಂದಾಗ ದೂರದ ನೆಂಟರು ಫೋನಿನಲ್ಲೇ ದುಡ್ಡು ಕಳಿಸಿದರೆ ಮನೆಯ ಖರ್ಚಿಗೆ ಕತ್ತರಿ ಬೀಳುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರಾದ ಜ್ಯಾಕ್ ಮತ್ತು ಸೂರಿ 2014ರಲ್ಲಿ ತೋರಿಸಿದರು. ಆಮೇಲೆ ಚರ್ಚೆ ಸಾಲದ ಕಡೆ ಹೊರಳಿತು.

ಸಾಲದ ಬಗ್ಗೆ ಓದಲೇಬೇಕಾದದ್ದು ಬರ್ಗ್, ಪುರಿ ಮತ್ತು ಸಂಗಡಿಗರ 2020ರ ಲೇಖನ. ಜರ್ಮನಿಯ ಒಂದು ಆನ್‌ಲೈನ್ ಪೀಠೋಪಕರಣ ಅಂಗಡಿ. ಸಾಮಾನು ಮೊದಲು, ದುಡ್ಡು ಆಮೇಲೆ. ಹಾಗಾಗಿ ಒಂದೊಂದು ಖರೀದಿಯೂ ಸಣ್ಣ ಸಾಲವೇ. ಎರಡೂವರೆ ಲಕ್ಷಕ್ಕೂ ಹೆಚ್ಚು ಖರೀದಿಗಳನ್ನು ನೋಡಿದರು. ಗಿರಾಕಿ ಬಂದದ್ದು ಯಾವ ಫೋನಿನಿಂದ, ಎಷ್ಟು ಹೊತ್ತಿಗೆ, ಇಮೇಲಿನಲ್ಲಿ ಸ್ವಂತ ಹೆಸರಿದೆಯಾ, ಇಂಥವು ಅಷ್ಟೇ. ಹೆಸರು, ವಿಳಾಸವನ್ನು ಪೂರ್ತಿ ಸಣ್ಣಕ್ಷರದಲ್ಲಿ ಟೈಪ್ ಮಾಡಿದವರು ದುಡ್ಡು ಬಾಕಿ ಉಳಿಸುವ ಸಾಧ್ಯತೆ ಎರಡು ಪಟ್ಟಿಗೂ ಜಾಸ್ತಿ! ಈ ಸುಳಿವುಗಳ ಎಯುಸಿ, ಅಂದರೆ ದುಡ್ಡು ಕೊಡದವರನ್ನು ಕೊಡುವವರಿಂದ ಬೇರೆ ಮಾಡುವ ಶಕ್ತಿಯ ಅಳತೆ, 69.6%. ಹಳೆಯ ಸಾಲಗಳ ದಾಖಲೆ ನೋಡಿ ಕೊಡುವ ಕ್ರೆಡಿಟ್ ಸ್ಕೋರಿನದ್ದು 68.3%.

ಇಲ್ಲಿ ಸ್ವಲ್ಪ ನಿಲ್ಲಿ. ನೂರು ಗಿರಾಕಿಗಳಲ್ಲಿ ಸುಮಾರು ಎಪ್ಪತ್ತು ಜನರ ಬಗ್ಗೆ ಸರಿಯಾಗಿ ಹೇಳಿತು ಅಂತ 69.6%ರ ಅರ್ಥವಲ್ಲ. ಈ ಅಂಗಡಿಯಲ್ಲಿ ದುಡ್ಡು ಕೊಡದವರು ನೂರಕ್ಕೆ ಹೆಚ್ಚುಕಮ್ಮಿ ಒಬ್ಬರು. ಸುಮ್ನೆ 'ಎಲ್ಲರೂ ಕೊಡ್ತಾರೆ' ಅಂದರೂ ನೂರಕ್ಕೆ ತೊಂಬತ್ತೊಂಬತ್ತು ಸರಿಯಾಗುತ್ತದೆ. ಅದರಿಂದ ಅಂಗಡಿಗೆ ಏನು ಉಪಯೋಗ, ಅಲ್ವಾ?

ಎಯುಸಿ ಲೆಕ್ಕ ಬೇರೆ. ದುಡ್ಡು ಕೊಡದವರಲ್ಲಿ ಒಬ್ಬರು, ಕೊಟ್ಟವರಲ್ಲಿ ಒಬ್ಬರು, ಹೀಗೆ ಕಣ್ಣುಮುಚ್ಚಿ ಜೋಡಿ ಮಾಡಿ. ಇಬ್ಬರಲ್ಲಿ ಯಾರನ್ನು ನಂಬುವುದು ಕಷ್ಟ ಅಂತ ಮಾಡೆಲ್, ಅಂದರೆ ಸುಳಿವು ನೋಡಿ ಊಹಿಸುವ ಲೆಕ್ಕದ ಸೂತ್ರ, ಹೇಳಲಿ. ಸಾವಿರ ಜೋಡಿಗಳಲ್ಲಿ 696 ಸಲ ಸರಿ ಹೇಳಿದರೆ ಎಯುಸಿ 69.6%. ನಾಣ್ಯ ಚಿಮ್ಮಿದರೂ 50% ಬಂದೇ ಬರುತ್ತದೆ. 'ಎಲ್ಲರೂ ಕೊಡ್ತಾರೆ' ಅನ್ನುವ ಮಾಡೆಲ್‌ಗೂ ಅಷ್ಟೇ ಸಿಗುವುದು, ಏಕೆಂದರೆ ಅದಕ್ಕೆ ಇಬ್ಬರೂ ಒಂದೇ. ಆದ್ದರಿಂದ ಎಯುಸಿಯನ್ನು ಯಾವಾಗಲೂ 50ರಿಂದ ಎಣಿಸಿ: ಸುಳಿವುಗಳು ಗಳಿಸಿದ್ದು 19.6, ಸ್ಕೋರ್ ಗಳಿಸಿದ್ದು 18.3.

ಎರಡನ್ನೂ ಸೇರಿಸಿದರೆ 73.6%. ನನಗೆ ಇಡೀ ಲೇಖನದ ಜೀವ ಇದೇ. ಫೋನು, ಇಮೇಲು ಹೇಳುವುದೂ ಸ್ಕೋರ್ ಹೇಳುವುದೂ ಒಂದೇ ಆಗಿದ್ದರೆ ಸೇರಿಸಿದರೂ ಅಂಕಿ ಹೀಗೆ ಮೇಲೇರುತ್ತಿರಲಿಲ್ಲ. ಸ್ಕೋರೇ ಇಲ್ಲದ ಗಿರಾಕಿಗಳಲ್ಲೂ ಈ ಸುಳಿವುಗಳು ಕೆಲಸ ಮಾಡಿದವು.

ಈಚಿನ ಪ್ರಶ್ನೆ ನ್ಯಾಯದ್ದು. ಬಾರ್ಟ್ಲೆಟ್ ಮತ್ತು ಸಂಗಡಿಗರು 2022ರಲ್ಲಿ ಅಮೆರಿಕದ ಗೃಹಸಾಲಗಳನ್ನು ನೋಡಿದರು. ಅಪಾಯ ಒಂದೇ ಇದ್ದರೂ ಕಪ್ಪು ಜನರು ಮತ್ತು ಲ್ಯಾಟಿನೋಗಳು ಜಾಸ್ತಿ ಬಡ್ಡಿ ಕಟ್ಟುತ್ತಿದ್ದರು. ಕೆಲವು ಬಗೆಯ ಸಾಲಗಳಲ್ಲಿ ಫಿನ್‌ಟೆಕ್ ಕಂಪನಿಗಳ ತಾರತಮ್ಯ ಕಡಿಮೆಯಿತ್ತು, ಇನ್ನು ಕೆಲವದರಲ್ಲಿ ಉಳಿದವರಷ್ಟೇ ಇತ್ತು.