ನೈಟ್ರೋಜನ್ ಪ್ಲಾಸ್ಮಾ: ಲೆಕ್ಕಕ್ಕೂ ಅಳತೆಗೂ ಯಾಕೆ ತಾಳೆಯಾಗುವುದಿಲ್ಲ?

ಚಿಪ್‌ಗಳ ಮೇಲೆ ನೈಟ್ರೈಡ್ ಪದರ ಕೂರಿಸಲು, ಉಕ್ಕಿನ ಮೈ ಗಟ್ಟಿ ಮಾಡಲು ನೈಟ್ರೋಜನ್ ಪ್ಲಾಸ್ಮಾ (ವಿದ್ಯುತ್ ಹಾಯಿಸಿ ಎಲೆಕ್ಟ್ರಾನ್, ಅಯಾನುಗಳು ಬೇರ್ಪಡುವಂತೆ ಮಾಡಿದ ಅನಿಲ) ಬಳಸುತ್ತಲೇ ಬಂದಿದ್ದೇವೆ. ಆದರೂ ಆ ನಿರ್ವಾತ ಪಾತ್ರೆಯೊಳಗೆ ಒಡೆದ ನೈಟ್ರೋಜನ್ ಪರಮಾಣುಗಳು ಎಷ್ಟಿವೆ ಎಂದು ಕೇಳಿದರೆ ಕಂಪ್ಯೂಟರ್ ಒಂದು ಹೇಳುತ್ತದೆ, ಉಪಕರಣ ಇನ್ನೊಂದು.

1911ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಸ್ಟ್ರಟ್ 'ಸಕ್ರಿಯ ನೈಟ್ರೋಜನ್'ನ ಹಳದಿ ಹೊಳಪನ್ನು ವಿವರಿಸಿದರು, 1920ರ ದಶಕದಲ್ಲಿ ಪ್ಲಾಸ್ಮಾದೊಳಗೆ ತೂರಿಸಿ ಎಲೆಕ್ಟ್ರಾನ್‌ಗಳನ್ನು ಅಳೆಯುವ ತಂತಿ, ಲ್ಯಾಂಗ್ಮ್ಯೂರ್ ಪ್ರೋಬ್, ಬಂತು, ಆಮೇಲೆ ಚಿಪ್ ಉದ್ಯಮ 13.56 ಮೆಗಾಹರ್ಟ್ಸ್ ರೇಡಿಯೋ ವಿದ್ಯುತ್ತನ್ನು ಮನೆಮಾತಾಗಿಸಿತು.

ಗೋಜಲು ಬಯಲಿಗೆ ಬಂದದ್ದು 1980ರ ದಶಕದ ಕೊನೆಗೆ. ಒಬ್ಬೊಬ್ಬರ ರಿಯಾಕ್ಟರ್ (ಪ್ಲಾಸ್ಮಾ ಪಾತ್ರೆ) ಒಂದೊಂದು ಬಗೆ; ಒಬ್ಬರ ಫಲಿತಾಂಶ ಇನ್ನೊಬ್ಬರಿಗೆ ಸಿಗುತ್ತಿರಲಿಲ್ಲ. ಅದಕ್ಕೆಂದೇ ಅಮೆರಿಕದಲ್ಲಿ ಎಲ್ಲರಿಗೂ ಒಂದೇ ಮಾದರಿ ಪಾತ್ರೆಯಾಗಿ 'ಜಿಇಸಿ ರೆಫರೆನ್ಸ್ ಸೆಲ್' (ಜಿಇಸಿ ಎಂದರೆ ಗ್ಯಾಸಿಯಸ್ ಎಲೆಕ್ಟ್ರಾನಿಕ್ಸ್ ಕಾನ್ಫರೆನ್ಸ್) ರೂಪುಗೊಂಡಿತು: ಸುಮಾರು 10 ಸೆಂ.ಮೀ. ಅಗಲದ ಎರಡು ಎಲೆಕ್ಟ್ರೋಡ್, ನಡುವೆ 2.5 ಸೆಂ.ಮೀ. ಅಂತರ. ವಿನ್ಯಾಸ ಒಂದೇ ಆದರೂ ಕೇಬಲ್ ಮತ್ತು ಎಲೆಕ್ಟ್ರೋಡ್ ನಡುವಿನ ಬೇಡದ ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ಲೆಕ್ಕಕ್ಕೆ ಹಿಡಿಯದಿದ್ದರೆ ವೋಲ್ಟೇಜ್ ಅಳತೆಯೇ ತಪ್ಪುತ್ತಿತ್ತು. ಪ್ರೋಬ್‌ನದ್ದೂ ಅದೇ ಕಥೆ: ಪ್ಲಾಸ್ಮಾದ ವೋಲ್ಟೇಜ್ ಸೆಕೆಂಡಿಗೆ 1.356 ಕೋಟಿ ಸಲ ಏರಿಳಿಯುವಾಗ, ಅದಕ್ಕೆ ತಕ್ಕ ಫಿಲ್ಟರ್ ಇಲ್ಲದ ಟಂಗ್‌ಸ್ಟನ್ ತುದಿ ಎಲೆಕ್ಟ್ರಾನ್‌ಗಳನ್ನು ಇರುವುದಕ್ಕಿಂತ ಬಿಸಿಯಾಗಿ ತೋರಿಸುತ್ತದೆ.

ಬಿಡಿ ಪರಮಾಣುಗಳ ಅನಿಲವಾದ ಆರ್ಗಾನ್‌ಗೆ ಇಷ್ಟು ಸರಿಪಡಿಸಿಕೊಂಡರೆ ಬಹುಪಾಲು ಸಾಕು. ನೈಟ್ರೋಜನ್ ಅಣು ಹಾಗಲ್ಲ. 2 ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಆಸುಪಾಸಿನ ಎಲೆಕ್ಟ್ರಾನ್‌ಗಳ ಶಕ್ತಿಯನ್ನು ಅದು ತನ್ನ ಕಂಪನಕ್ಕೆ ಹೀರಿಕೊಳ್ಳುತ್ತದೆ. ಅಣು ಒಡೆಯಲು ಬೇಕಾದದ್ದು 9.8. ಹಾಗಾಗಿ ಕಂಪನವನ್ನು ಬಿಟ್ಟು ಒಡೆಯುವಿಕೆಯ ಲೆಕ್ಕ ಹಾಕಲಾಗದು. ಕಂಪನದ ಹತ್ತಾರು ಮಟ್ಟಗಳನ್ನು ಎಲೆಕ್ಟ್ರಾನ್‌ಗಳ ಸಮೀಕರಣದ ಜೊತೆಗೇ ಬಿಡಿಸುವ ಕೆಲಸವನ್ನು ಇಟಲಿಯ ಬಾರಿ ನಗರದ ಮತ್ತು ಪೋರ್ಚುಗಲ್‌ನ ಲಿಸ್ಬನ್ ತಂಡಗಳು 1980ರ ದಶಕದಲ್ಲೇ ಹದಕ್ಕೆ ತಂದವು.

ಉಳಿದದ್ದು ಗೋಡೆ. ಕಡಿಮೆ ಒತ್ತಡದಲ್ಲಿ ಪರಮಾಣುಗಳು ಮತ್ತೆ ಜೋಡಿಯಾಗುವುದು ಹೆಚ್ಚಾಗಿ ಗೋಡೆಯ ಮೇಲೆ. ಬಡಿದ ಪರಮಾಣುಗಳಲ್ಲಿ ಎಷ್ಟು ಪಾಲು ಹೀಗೆ ಕಳೆದುಹೋಗುತ್ತದೆ ಎಂಬುದಕ್ಕೆ, ಸ್ಟೀಲ್ ಒಂದಕ್ಕೇ, ಪ್ರಕಟವಾದ ಅಂಕಿಗಳು ಹತ್ತಾರು ಪಟ್ಟು ಬೇರೆ. ಮೈ ಎಷ್ಟು ಶುಚಿ, ಎಷ್ಟು ಬಿಸಿ, ಪ್ಲಾಸ್ಮಾ ಎಷ್ಟು ಹೊತ್ತು ಉರಿದಿತ್ತು ಎಂಬುದರ ಮೇಲೆ ಅದು ಬದಲಾಗುತ್ತದೆ. ಪರಮಾಣುಗಳನ್ನು ನೇರವಾಗಿ ಎಣಿಸಲು 206.7 ನ್ಯಾನೋಮೀಟರ್ ಲೇಸರ್‌ನ ಎರಡೆರಡು ಫೋಟಾನ್ ಕೊಟ್ಟು, ಅವು ಹೊಮ್ಮಿಸುವ ಬೆಳಕನ್ನು ಪ್ರಮಾಣ ಗೊತ್ತಿರುವ ಕ್ರಿಪ್ಟಾನ್ ಅನಿಲದ ಬೆಳಕಿಗೆ ಹೋಲಿಸುವ ವಿಧಾನವಿದೆ. ಅದು ದುಬಾರಿ. ಹಾಗಾಗಿ ಕಂಪ್ಯೂಟರ್ ಮಾದರಿಯಲ್ಲಿ ಗೋಡೆಯ ಅಂಕಿಯನ್ನು ಅಳತೆಗೆ ಹೊಂದುವ ತನಕ ಬದಲಿಸುತ್ತ ಹೋಗುವ ರೂಢಿ ಬಂದಿದೆ. ಹಾಗೆ ಸಿಕ್ಕ ಹೊಂದಾಣಿಕೆಯನ್ನು ಮಾದರಿಯ ಗೆಲುವೆಂದು ಎಣಿಸಲಾಗದು.

2013ರಲ್ಲಿ ಪ್ಲಾಸ್ಮಾದ ಲೆಕ್ಕ ಮಾಡುವ ಐದು ಸ್ವತಂತ್ರ ಕಂಪ್ಯೂಟರ್ ಪ್ರೋಗ್ರಾಂಗಳು ಒಂದೇ ಉತ್ತರ ಕೊಟ್ಟದ್ದು ದೊಡ್ಡ ಹೆಜ್ಜೆಯೇ. ಆದರೆ ಆ ಪರೀಕ್ಷೆ ಹೀಲಿಯಂನದು. ಅಲ್ಲಿ ಒಡೆಯಲು ಅಣುವೂ ಇರಲಿಲ್ಲ, ಗೋಡೆಯ ಮೇಲೆ ಜೋಡಿಯಾಗಲು ಪರಮಾಣುವೂ ಇರಲಿಲ್ಲ.