ಎರಡು ದೋಷ, ಎರಡಕ್ಕೂ 100: ಗುಣಮಟ್ಟದ ಹಾಳೆಯಲ್ಲಿ ಅಪಾಯಕ್ಕೆ ಅಳತೆ ಬಂದ ದಾರಿ

ದ್ವಿಚಕ್ರ ವಾಹನದ ಬ್ರೇಕ್ ಬ್ರಾಕೆಟ್ ಒಂದನ್ನು ತೆಗೆದುಕೊಳ್ಳಿ. ವೆಲ್ಡಿಂಗ್ ಒಳಗಿನವರೆಗೆ ಬೆಸೆಯದಿದ್ದರೆ ಗಾಡಿ ಓಡುತ್ತಿರುವಾಗಲೇ ಬ್ರಾಕೆಟ್ ಕಳಚಬಹುದು. ಬಣ್ಣ ತೆಳುವಾಗಿ ಕೂತರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹತ್ತುತ್ತದೆ. ಇವೆರಡನ್ನೂ ಎಫ್‌ಎಂಇಎ ಹಾಳೆಗೆ, ಅಂದರೆ ಏನೇನು ಕೆಡಬಹುದು, ಕೆಟ್ಟರೆ ಏನಾಗುತ್ತದೆ ಎಂದು ಮೊದಲೇ ಪಟ್ಟಿ ಮಾಡುವ ಹಾಳೆಗೆ, ಏರಿಸಿ. ಪ್ರತಿ ದೋಷಕ್ಕೂ ಒಂದರಿಂದ ಹತ್ತರವರೆಗಿನ ಮೂರು ಅಂಕ. ಅಂಕ ಹೆಚ್ಚಿದಷ್ಟೂ ಕೆಟ್ಟದ್ದು, ಪತ್ತೆಯಲ್ಲಿ ಹೆಚ್ಚಿನ ಅಂಕ ಎಂದರೆ ದೋಷ ಕಣ್ತಪ್ಪುವ ಸಾಧ್ಯತೆ ಹೆಚ್ಚು. ವೆಲ್ಡಿಂಗ್ ದೋಷಕ್ಕೆ ತೀವ್ರತೆ 10, ಸಂಭವ 2, ಪತ್ತೆ 5. ಬಣ್ಣಕ್ಕೆ ತೀವ್ರತೆ 4, ಸಂಭವ 5, ಪತ್ತೆ 5. ಗುಣಿಸಿದರೆ ಎರಡಕ್ಕೂ ಬರುವ ಅಪಾಯದ ಆದ್ಯತೆಯ ಸಂಖ್ಯೆ, ಅಂದರೆ ಆರ್‌ಪಿಎನ್ 100. ಹಾಳೆಯ ಲೆಕ್ಕದಲ್ಲಿ ಇವು ಸರಿಸಮ. ಆ ಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಹೋಗುವವರಿಗೆ ಹೇಗೆ ಸರಿಸಮವಾದೀತು?

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ವಾಹನದ ಬಿಡಿಭಾಗ ಮಾಡುವ ಯಾವ ಘಟಕಕ್ಕೂ ಈ ಹಾಳೆ ಹೊಸದಲ್ಲ. ಆಡಿಟ್ ಬಂದಾಗ ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಆದರೆ ಈ ಗುಣಾಕಾರ ಅದರೊಳಗೆ ಹೇಗೆ ಬಂತು ಎಂದು ಕೇಳುವವರು ಕಡಿಮೆ.

ಮೂಲದಲ್ಲಿ ಅದು ಇರಲಿಲ್ಲ. ಎಫ್‌ಎಂಇಎಯ ಮೊದಲ ರೂಪ ಅಮೆರಿಕದ ಸೇನೆಯ ಎಂಐಎಲ್-ಪಿ-1629, 1949ರ ನವೆಂಬರ್ 9ರದ್ದು. ಅದೇ ಸಾಲಿನ 1980ರ ಮಾನದಂಡವು ತೀವ್ರತೆಯನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿ, ವೈಫಲ್ಯದ ದರವನ್ನು ಒಂದೊಂದು ವರ್ಗದ ಒಳಗೇ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಿತ್ತು. ಪ್ರಾಣ ಹೋಗುವ ದೋಷವನ್ನು ಸಣ್ಣಪುಟ್ಟ ದೋಷದ ಜೊತೆ ಒಂದೇ ತಕ್ಕಡಿಗೆ ಹಾಕುತ್ತಿರಲಿಲ್ಲ. 1970ರ ದಶಕದಲ್ಲಿ ಫೋರ್ಡ್ ಮೂಲಕ ಈ ಪದ್ಧತಿ ಕಾರು ಉದ್ಯಮಕ್ಕೆ ಬಂತು. 1993ರಲ್ಲಿ ಅಮೆರಿಕದ ವಾಹನ ಉದ್ಯಮದ ಸಂಘಟನೆ ಎಐಎಜಿಯ ಕೈಪಿಡಿ ಬಂದಿತು. ಬಳಿಕ ಪೂರೈಕೆದಾರರಿಗಾಗಿ ಗುಣಮಟ್ಟದ ಮಾನದಂಡಗಳು: ಕ್ಯೂಎಸ್-9000, 1999ರಲ್ಲಿ ಐಎಸ್‌ಒ/ಟಿಎಸ್ 16949, 2016ರಲ್ಲಿ ಐಎಟಿಎಫ್ 16949. ಹೀಗೆ ಒಂದರಿಂದ ಹತ್ತರ ಮೂರು ಅಂಕ, ಅವುಗಳ ಗುಣಲಬ್ಧ, 'ನೂರು ದಾಟಿದರೆ ಕ್ರಮ ಕೈಗೊಳ್ಳಿ' ಎಂಬ ರೂಢಿ, ಎಲ್ಲವೂ ಕೆಳಹಂತದ ಪೂರೈಕೆದಾರರವರೆಗೆ ಇಳಿದವು.

ಈ ಗುಣಾಕಾರದ ತಪ್ಪನ್ನು ಹಿಡಿಯುವ ಸಾಧನ 1946ರಲ್ಲೇ ಸಿಕ್ಕಿತ್ತು. ಎಲ್ಲ ಅಂಕಿಗಳೂ ಒಂದೇ ಜಾತಿಯವಲ್ಲ, ಕೆಲವು ಅಳತೆಯನ್ನು ಹೇಳುತ್ತವೆ, ಕೆಲವು ಬರೀ ಕ್ರಮವನ್ನು ಹೇಳುತ್ತವೆ ಎಂದು ಮನಶ್ಶಾಸ್ತ್ರಜ್ಞ ಎಸ್.ಎಸ್. ಸ್ಟೀವನ್ಸ್ ಆ ವರ್ಷ ವಿಂಗಡಿಸಿ ತೋರಿಸಿದ್ದರು. ಕೋಲಾರದ ಟೊಮೆಟೊ ಮಂಡಿಯಲ್ಲಿ ನಿಂತು ನೋಡಿದರೆ ಇದು ಸಲೀಸಾಗಿ ತಿಳಿಯುತ್ತದೆ. ಬಾಕ್ಸಿಗೆ 15 ಕೆ.ಜಿ. ಎನ್ನುವುದು ತೂಕ, ಎರಡು ಬಾಕ್ಸ್ ಸೇರಿದರೆ 30. ಎರಡನೇ ದರ್ಜೆ ಎನ್ನುವುದು ಕ್ರಮ. ಎರಡನೇ ದರ್ಜೆಯ ಎರಡು ಬಾಕ್ಸ್ ಸೇರಿ ನಾಲ್ಕನೇ ದರ್ಜೆ ಆಗುವುದಿಲ್ಲ. ತೀವ್ರತೆ 10 ಎಂಬುದು ತೀವ್ರತೆ 5ರ ಎರಡರಷ್ಟಲ್ಲ, ಅದಕ್ಕಿಂತ ಕೆಟ್ಟದ್ದು ಅಷ್ಟೇ. ಸಂಭವದ ಕೋಷ್ಟಕವನ್ನೇ ನೋಡಿ. ಎಐಎಜಿ ಕೈಪಿಡಿಯ ನಾಲ್ಕನೇ ಆವೃತ್ತಿಯಲ್ಲಿ 10 ಎಂದರೆ ಹತ್ತಕ್ಕೆ ಒಂದು, 9 ಎಂದರೆ ಇಪ್ಪತ್ತಕ್ಕೆ ಒಂದು: ಒಂದು ಮೆಟ್ಟಿಲು ಇಳಿದರೆ ಅರ್ಧ. 4 ಎಂದರೆ ಹತ್ತು ಸಾವಿರಕ್ಕೆ ಒಂದು, 3 ಎಂದರೆ ಲಕ್ಷಕ್ಕೆ ಒಂದು: ಇಲ್ಲಿ ಒಂದೇ ಮೆಟ್ಟಿಲಿಗೆ ಹತ್ತು ಪಟ್ಟು. ಇಂಥ ಅಂಕಿಗಳನ್ನು ಗುಣಿಸಿದ ಫಲಕ್ಕೆ ಅರ್ಥ ಹುಡುಕಿ ಪ್ರಯೋಜನವಿಲ್ಲ. 1ರಿಂದ 1000ದವರೆಗೆ ಸಾವಿರ ಸಂಖ್ಯೆಗಳಿದ್ದರೂ ಆರ್‌ಪಿಎನ್‌ಗೆ ಬರಲು ಸಾಧ್ಯವಿರುವುದು 120 ಮಾತ್ರ. 1000ದ ಕೆಳಗಿನ ಮುಂದಿನ ಸಂಖ್ಯೆಯೇ 900.

ಹಾಗಾದರೆ ಅಪಾಯದಲ್ಲಿ ಅಳೆಯಲು ಬರುವುದೇನೂ ಇಲ್ಲವೇ? ಇದೆ. ಮೂರು ಅಂಕಗಳನ್ನು ಬಿಡಿಸಿ ನೋಡಬೇಕು.

ಸಂಭವವನ್ನು ಎಣಿಸಬಹುದು, ಆದರೆ ಎಣಿಕೆ ನಾವು ಅಂದುಕೊಂಡಷ್ಟನ್ನು ಹೇಳುವುದಿಲ್ಲ. ಒಂದು ಸರಳ ಸೂತ್ರವಿದೆ: ಪರೀಕ್ಷಿಸಿದ ತುಂಡುಗಳಲ್ಲಿ ಒಂದೂ ದೋಷ ಸಿಗದಿದ್ದರೆ, 3ನ್ನು ಆ ತುಂಡುಗಳ ಸಂಖ್ಯೆಯಿಂದ ಭಾಗಿಸಿ. ಶೇ 95ರ ಭರವಸೆಯಲ್ಲಿ ನಿಜವಾದ ದೋಷದ ದರ ಅಷ್ಟರವರೆಗೂ ಇರಬಹುದು. ಸಂಭವ 2 ಎಂದರೆ ಹತ್ತು ಲಕ್ಷಕ್ಕೆ ಒಂದು. ಅದನ್ನು ಎಣಿಕೆಯಿಂದ ಸಾಬೀತು ಮಾಡಲು ದೋಷವಿಲ್ಲದ 30 ಲಕ್ಷ ತುಂಡು ಬೇಕು. ತಿಂಗಳಿಗೆ 20,000 ಬ್ರಾಕೆಟ್ ಮಾಡುವ ಘಟಕಕ್ಕೆ ಇದು ಹನ್ನೆರಡೂವರೆ ವರ್ಷದ ಉತ್ಪಾದನೆ. ಅಷ್ಟೂ ತುಂಡುಗಳ ಒಳಗನ್ನು ನೋಡಿರಲೂ ಬೇಕು. ವೆಲ್ಡಿಂಗ್ ಎಷ್ಟು ಆಳ ಇಳಿದಿದೆ ಎಂಬುದು ಮೇಲಿನಿಂದ ಕಾಣುವುದಿಲ್ಲ. ತುಂಡನ್ನು ಅಡ್ಡ ಕತ್ತರಿಸಿ, ನಯ ಮಾಡಿ, ನೈಟಾಲ್ (ಮದ್ಯಸಾರದಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ) ಹಚ್ಚಿ ನೋಡಬೇಕು. ಶಿಫ್ಟಿಗೆ ಎರಡರಂತೆ ಎರಡು ಶಿಫ್ಟಿನಲ್ಲಿ ಕತ್ತರಿಸಿದರೂ 300 ದಿನಕ್ಕೆ 1,200 ತುಂಡು. ಎಲ್ಲವೂ ಚೆನ್ನಾಗಿಯೇ ಇದ್ದರೂ ಅದು ಸಾಬೀತು ಮಾಡುವುದು ದೋಷ 400ಕ್ಕೆ ಒಂದಕ್ಕಿಂತ ಹೆಚ್ಚಿರಲಾರದು ಎಂಬುದನ್ನಷ್ಟೇ. ಗಿರಾಕಿಯಿಂದ ದೂರು ಬಂದಿಲ್ಲ ಎಂಬ ಆಧಾರದ ಮೇಲೆ 2 ಬರೆಯುವುದು ನಂಬಿಕೆ, ಅಳತೆಯಲ್ಲ.

ಇನ್ನೊಂದು ಷರತ್ತನ್ನು 1924ರಲ್ಲೇ ಬೆಲ್ ದೂರವಾಣಿ ವ್ಯವಸ್ಥೆಯ ವಾಲ್ಟರ್ ಶೆವಾರ್ಟ್ ತಮ್ಮ ನಿಯಂತ್ರಣ ನಕ್ಷೆಯ ಮೂಲಕ ಇಟ್ಟಿದ್ದರು: ಪ್ರಕ್ರಿಯೆ ಸ್ಥಿರವಾಗಿದ್ದರೆ ಮಾತ್ರ ನಿನ್ನೆಯ ಲೆಕ್ಕ ನಾಳೆಗೆ ನಡೆಯುತ್ತದೆ. ಕೆ.ಜಿ.ಎಫ್. ಗಣಿಗಳು ಈ ಜಿಲ್ಲೆಗೆ ಅದನ್ನೇ ಕಠೋರವಾಗಿ ಕಲಿಸಿವೆ. ಗಣಿ ಆಳಕ್ಕೆ ಇಳಿದಂತೆಲ್ಲ ಬಂಡೆ ಸಿಡಿತದ ಕಾಟ ಹೆಚ್ಚಿತು. ಮೇಲಿನ ಹಂತದ ಅನುಭವ ಮೂರು ಕಿಲೋಮೀಟರ್ ಕೆಳಗೆ ನಡೆಯಲಿಲ್ಲ. ವೆಲ್ಡಿಂಗ್ ತಂತಿಯ ಹೊಸ ಲಾಟ್, ಬದಲಾದ ಫಿಕ್ಸ್ಚರ್ (ತುಂಡನ್ನು ಹಿಡಿದಿಡುವ ಚೌಕಟ್ಟು), ಸವೆದ ಕಾಂಟ್ಯಾಕ್ಟ್ ಟಿಪ್ ಬಂದಾಗಲೂ ಹಳೆಯ ಎಣಿಕೆಯನ್ನು ಹಾಗೇ ಮುಂದುವರಿಸಲು ಬರುವುದಿಲ್ಲ.

ಪತ್ತೆಯ ಅಂಕವೇ ಪರೀಕ್ಷೆಗೆ ಎಲ್ಲಕ್ಕಿಂತ ಸುಲಭ, ಅದನ್ನೇ ಎಲ್ಲರೂ ಊಹೆಗೆ ಬಿಡುತ್ತಾರೆ. ಒಳ್ಳೆಯವು, ಕೆಟ್ಟವು, ಗಡಿಯಲ್ಲಿರುವವು ಬೆರೆಸಿ 50 ತುಂಡು ಆರಿಸಿ, ಕಾಣದಂತೆ ನಂಬರ್ ಹಾಕಿ. ಮೂವರು ತಪಾಸಣೆಗಾರರು ಮೂರು ಸಲ, ಪ್ರತಿ ಸಲ ಕ್ರಮ ಬದಲಿಸಿ, ನೋಡಲಿ. ಕೆಟ್ಟದ್ದನ್ನು ಒಳ್ಳೆಯದೆಂದು ಬಿಟ್ಟ ಪ್ರಮಾಣ ಶೇ 2 ಮೀರಬಾರದು. ಗಡಿಯ ತುಂಡುಗಳನ್ನು ಸೇರಿಸದಿದ್ದರೆ ಎಲ್ಲರೂ ಪಾಸಾಗುತ್ತಾರೆ, ಏನೂ ಗೊತ್ತಾಗುವುದಿಲ್ಲ. ನಮ್ಮ ವೆಲ್ಡಿಂಗ್‌ಗೆ ಈ ಪರೀಕ್ಷೆಯ ಅಗತ್ಯವೂ ಬೀಳದು: ಕಣ್ಣಿಗೆ ಕಾಣದ್ದನ್ನು ಕಣ್ಣಿನಿಂದ ನೋಡುವ ತಪಾಸಣೆಗೆ 5 ಕೊಟ್ಟದ್ದೇ ತಪ್ಪು, ಅದು 8ರ ಆಸುಪಾಸು.

ತೀವ್ರತೆ ಮಾತ್ರ ಎಂದಿಗೂ ಅಳತೆಯಾಗದು. ಕಾಲು ಮುರಿಯುವುದು ತುಕ್ಕಿಗಿಂತ ಎಷ್ಟು ಪಟ್ಟು ಕೆಟ್ಟದ್ದು ಎಂದು ಹೇಳುವ ಗೇಜ್ ಇಲ್ಲ. ಅದು ತೀರ್ಮಾನ, ತೀರ್ಮಾನಿಸುವವರು ಯಾರು ಎಂಬುದೇ ಮುಖ್ಯ. ಬಿಡಿಭಾಗ ಮಾಡುವವರಿಗೆ ಅದು ಗಾಡಿಯಲ್ಲಿ ಎಲ್ಲಿ ಕೂರುತ್ತದೆ ಎಂಬುದೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಗಿರಾಕಿಯಿಂದ ಅಂಕ ಕೇಳಿ ಪಡೆಯದೆ ತಾವೇ 6 ಬರೆದುಕೊಂಡರೆ ಮುಂದಿನದೆಲ್ಲ ಬುಡವಿಲ್ಲದ್ದು.

ಅಂಕಿ ಯಾರ ಬಾಯಿಂದ ಬರುತ್ತದೆ ಎನ್ನುವುದಕ್ಕೆ 1986ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್‌ಗೆ ಆದ ದುರಂತಕ್ಕಿಂತ ದೊಡ್ಡ ಉದಾಹರಣೆ ಬೇಡ. ನೌಕೆ ನಾಶವಾಗುವ ಸಾಧ್ಯತೆ ನೂರಕ್ಕೆ ಒಂದರಷ್ಟು ಎಂದು ಎಂಜಿನಿಯರುಗಳು, ಲಕ್ಷಕ್ಕೆ ಒಂದು ಎಂದು ಆಡಳಿತದವರು ಹೇಳುತ್ತಿದ್ದುದನ್ನು ತನಿಖಾ ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ದಾಖಲಿಸಿದರು. ನೌಕೆ ಒಂದೇ, ಅಂಕಿಗಳ ನಡುವೆ ಸಾವಿರ ಪಟ್ಟು ಅಂತರ.

ಕೈಪಿಡಿ ತಿದ್ದಿಕೊಳ್ಳಲು ಸಮಯ ಹಿಡಿಯಿತು. 2008ರ ನಾಲ್ಕನೇ ಆವೃತ್ತಿ ಆರ್‌ಪಿಎನ್‌ಗೆ ಗಡಿ ಇಡುವುದು ಬೇಡ ಎಂದಿತು. 2019ರಲ್ಲಿ ಜರ್ಮನಿಯ ವಾಹನ ಉದ್ಯಮ ಸಂಘ ವಿಡಿಎ ಜೊತೆ ಸೇರಿ ತಂದ ಕೈಪಿಡಿ ಗುಣಾಕಾರವನ್ನೇ ಕೈಬಿಟ್ಟು ಎಪಿ (ಕ್ರಮದ ಆದ್ಯತೆ) ಎಂಬ ಕೋಷ್ಟಕ ಕೊಟ್ಟಿತು: ಎಚ್ ಎಂದರೆ ಹೆಚ್ಚು, ಎಂ ಮಧ್ಯಮ, ಎಲ್ ಕಡಿಮೆ. ಅದರಲ್ಲಿ ತೀವ್ರತೆಗೆ ಮೊದಲ ಸ್ಥಾನ. ತೀವ್ರತೆ 9, ಸಂಭವ 4, ಪತ್ತೆ 2ಕ್ಕೆ ಹಳೆಯ ಲೆಕ್ಕದಲ್ಲಿ 72, ಅಂದರೆ ಯಾರೂ ಮುಟ್ಟುತ್ತಿರಲಿಲ್ಲ, ಎಪಿಯಲ್ಲಿ ಎಚ್. 5, 5, 6ಕ್ಕೆ 150, ಎಪಿಯಲ್ಲಿ ಎಲ್. ಈ ಕೋಷ್ಟಕವೂ ತಜ್ಞರ ಒಪ್ಪಂದವೇ, ಆದರೆ ಒಪ್ಪಂದ ಎಂಬುದನ್ನು ಮುಚ್ಚಿಡುವುದಿಲ್ಲ. ಈಗಲೂ ಹೊಸ ಹಾಳೆಯ ಮೂಲೆಯಲ್ಲಿ ಆರ್‌ಪಿಎನ್ ಕಾಲಂ ಉಳಿಸಿಕೊಂಡು ಅದನ್ನೇ ನೋಡುವ ಘಟಕಗಳಿವೆ. ಆ ಕಾಲಂ ಅಳಿಸಬೇಕು. ಬದಲಿಗೆ ಪ್ರತಿ ಅಂಕದ ಪಕ್ಕದಲ್ಲಿ ಆಧಾರ ಬರೆಯಬೇಕು: ಸಂಭವಕ್ಕೆ ಎಷ್ಟು ತುಂಡು, ಯಾವ ತಿಂಗಳಿನವು, ಪತ್ತೆಗೆ ಯಾವ ದಿನದ ಪರೀಕ್ಷೆ, ತೀವ್ರತೆಗೆ ಗಿರಾಕಿಯ ಯಾವ ಪತ್ರ.

ಹಾಗೆ ಬರೆಯಲು ಕೂತರೆ ನಮ್ಮ ಎರಡು ನೂರುಗಳು ಬೇರೆಯಾಗುತ್ತವೆ. ಬಣ್ಣದ ದೋಷ ಎಲ್ ಆಗಿಯೇ ಉಳಿಯುತ್ತದೆ. ವೆಲ್ಡಿಂಗ್ ದೋಷ, ಪತ್ತೆಯನ್ನು 8 ಎಂದು ತಿದ್ದಿದ ಕೂಡಲೇ, ಸಂಭವ 2 ಇದ್ದರೂ ಎಂನಿಂದ ಎಚ್‌ಗೆ ಏರುತ್ತದೆ. ಆಗ ಮಾಡಬೇಕಾದ ಕೆಲಸವೂ ಸ್ಪಷ್ಟ: ಕರೆಂಟ್, ವೋಲ್ಟೇಜ್, ತಂತಿಯ ವೇಗವನ್ನು ಪ್ರತಿ ಬೆಸುಗೆಗೂ ದಾಖಲಿಸಿ, ಮಿತಿ ಮೀರಿದ ತುಂಡನ್ನು ಫಿಕ್ಸ್ಚರ್‌ನಿಂದ ಬಿಡದಂತೆ ಹಿಡಿಯುವ ಇಂಟರ್‌ಲಾಕ್.